ಗಂಟಿಲ್ಲದ ಸೇತುವೆ

ನಲವತ್ತು ವರ್ಷ ಕುಣಿಮಗ್ಗದಲ್ಲಿ ಕಾಲಾಡಿಸಿದ ಮೇಲೆ ಬೆಟಗೇರಿಯ ಗೋಪಣ್ಣನಿಗೆ ಒಂದು ಕುರ್ಚಿ ಸಿಕ್ಕಿತ್ತು. ಗದಗಿನ ಸಭಾಭವನದಲ್ಲಿ ಕಾವಲುಗಾರನ ಕೆಲಸ. ಬೆನ್ನಿಗೆ ಆಸರೆ, ತಲೆಯ ಮೇಲೆ ಫ್ಯಾನು. ಎಂಟು ದಿನದ ಪ್ರದರ್ಶನ ದೂರಿಲ್ಲದೆ ಮುಗಿದರೆ ಕುರ್ಚಿ ಕಾಯಂ ಎಂದು ಅಲ್ಲಿನ ಗುಮಾಸ್ತ ಮಾಂತೇಶ ಹೇಳಿದ್ದ.

ಪ್ರದರ್ಶನವಿದ್ದದ್ದು ಎಂಜಿನಿಯರ್ ವಿದ್ಯಾಶ್ರೀ ಮೇಡಂ ಕಟ್ಟಿದ ಸೇತುವೆ, ಕಟ್ಟಡಗಳ ಮಾದರಿಗಳದ್ದು. ಒಂದು ಕಟ್ಟಡ ಮೊರ ಬೋರಲು ಹಾಕಿದಂತೆ, ಇನ್ನೊಂದು ಒಂಟೆ ಆಕಳಿಸಿದಂತೆ. ನಡುವಿನ ಮೇಜಿನ ಮೇಲೆ ಮೂರು ಮೊಳದ ತೂಗುಸೇತುವೆ: ಹಿಂದಕ್ಕೆ ವಾಲಿದ ಕಂಬ, ಅದರಿಂದ ಇಳಿಬಿದ್ದ ಇಪ್ಪತ್ತನಾಲ್ಕು ದಾರ, ದಾರಕ್ಕೆ ಜೋತ ಕಟ್ಟಿಗೆಯ ರಸ್ತೆ.

ಮೊದಲ ದಿನ ಬೆಳಿಗ್ಗೆ ಗೋಪಣ್ಣ ಆ ಕಂಬಕ್ಕೆ ರೊಟ್ಟಿಯ ಚೀಲ ತೂಗುಹಾಕಿ ಕಸ ಗುಡಿಸಿದ. ಚೀಲ ತೆಗೆಯುವಾಗ ನೋಡಿದರೆ ಏಳನೆಯ ದಾರ ಹರಿದು ನೇತಾಡುತ್ತಿದೆ. ಎದೆ ಲಾಳಿಯಂತೆ ಅತ್ತಿತ್ತ ಓಡಿತು. ಸಂಜೆ ನಾಲ್ಕಕ್ಕೆ ಉದ್ಘಾಟನೆ.

ಚಹಾ ತಂದ ಹುಡುಗ ಜಹಾಂಗೀರ ಬಗ್ಗಿ ನೋಡಿದ. "ಕಾಕಾ, ರೊಟ್ಟಿ ಭಾರಕ್ಕ ಹರದೈತಲ್ರಿ. ಇದರ ಮ್ಯಾಲ ಲಾರಿ ಹ್ಯಾಂಗ ಹೋಗಬೇಕು?"

"ಬಾಯಿ ಮುಚ್ಚಲೇ. ಒಂದು ಎಳಿ ಗಂಟ್ ಹಾಕಾಕ ನನಗ ಬರಂಗಿಲ್ಲೇನು?"

ಹರಿದ ಎಳೆ ಕಂಡರೆ ನೇಕಾರನ ಕೈ ಸುಮ್ಮನಿರುತ್ತದೆಯೇ? ಗಂಟು ಬಿತ್ತು. ಗಂಟಿಗೆ ಹೋದಷ್ಟು ದಾರ ಗಿಡ್ಡಾಗಿ ರಸ್ತೆ ಒಂದು ಕಡೆ ಹುಬ್ಬೇರಿಸಿತು.

ಅಷ್ಟರಲ್ಲಿ ಮಾಂತೇಶ ಬಂದ. ಅವನು ಮಾತಾಡಿದರೆ ಸರಕಾರಿ ಕಾಗದ ಓದಿದಂತಿರುತ್ತಿತ್ತು. "ಕೂಲಂಕಷವಾಗಿ ಪರಿಶೀಲಿಸಲಾಗಿ, ಆಚಿ ಕಡಿದೂ ಅಷ್ಟ ಎಳದ್ರ ಸಮಾ ಆಕ್ಕೈತಿ" ಎಂದು ತಾನೇ ಎಳೆದ. ಮೂರು ದಾರ ಒಟ್ಟಿಗೆ ಹರಿದವು. "ಈ ಬಗ್ಗೆ ನಮ್ಮ ಕಚೇರಿಯಲ್ಲಿ ಯಾವುದೇ ಮಾಹಿತಿ ಲಭ್ಯವಿರುವುದಿಲ್ಲ" ಎನ್ನುತ್ತ ಹೊರಗೆ ನಡೆದ.

ಗೋಪಣ್ಣ ಹೆಂಡತಿಗೆ ಫೋನು ಹಚ್ಚಿದ. ಅಂಬವ್ವ ಗಟ್ಟಿ ನೂಲಿನ ಉಂಡೆ ಹಿಡಿದು ಆಟೋದಲ್ಲಿ ಬಂದಳು. ಸೇತುವೆ ನೋಡಿ ಮೂಗು ಮುರಿದಳು.

"ಗಂಟಿನ ಮ್ಯಾಲ ಗಂಟು ಹಾಕಿ ಇದನ್ನೇನು ಗೋಣಿಚೀಲ ಮಾಡ್ತೀರಿ? ಎಲ್ಲಾ ಕಿತ್ತು ಮಗ್ಗದಾಗಿನಂಗ ಹೊಸದಾಗಿ ಹಾಸು ಹೂಡ್ರಿ. ನಮ್ಮ ಮನಿ ನೇಯ್ಗಿಯೊಳಗ ನಡುವ ಗಂಟು ಯಾರರ ನೋಡ್ಯಾರೇನು?"

ಕಂಬದ ತೂತಿನಿಂದ ರಸ್ತೆಯ ತೂತಿಗೆ, ಅಲ್ಲಿಂದ ಮತ್ತೆ ಕಂಬಕ್ಕೆ, ಒಂದೇ ನೂಲನ್ನು ಇಪ್ಪತ್ತನಾಲ್ಕು ಸಲ ಓಡಿಸಿದರು. ಮೂರೂವರೆಗೆ ಕೆಲಸ ಮುಗಿಯಿತು. ಅಂಬವ್ವ ಬೆರಳಿಂದ ಮೀಟಿದಳು, ಟಣ್ ಎಂದಿತು. ಗೋಪಣ್ಣ ಕುರ್ಚಿಯಲ್ಲಿ ಕುಳಿತು ಮೊಣಕಾಲು ಸವರಿಕೊಂಡ.

ನಾಲ್ಕಕ್ಕೆ ಮೇಡಂ ಅತಿಥಿಗಳನ್ನೂ ಮಾಂತೇಶನನ್ನೂ ಕರೆದುಕೊಂಡು ನೇರ ಮೇಜಿಗೇ ಬಂದರು.

"ಈ ಸೇತುವಿಗೆ ಇಪ್ಪತ್ನಾಲ್ಕು ತಂತಿ. ಏಳನೇದನ್ನ ನಿನ್ನೆ ನಾನ ಕತ್ತರಿಸೀನಿ. ಒಂದು ಕೈ ಬಿಟ್ರೂ ಉಳದಾವು ಹ್ಯಾಂಗ ಹಿಡದಾವ ನೋಡ್ರಿ."

ಎಲ್ಲರೂ ನೋಡಿದರು. ಮೇಡಂ ಬೆರಳು ಆರಕ್ಕೆ ಬಂತು, ಏಳಕ್ಕೆ ಬಂತು, ಮತ್ತೆ ಒಂದರಿಂದ ಎಣಿಸತೊಡಗಿತು.

"ತಪ್ಪಾತ್ರಿ ಮೇಡಂ" ಎಂದು ಗೋಪಣ್ಣ ಎದ್ದು ನಿಂತ. "ಹರದದ್ದು ಕಂಡು ಕೈ ತಡೀಲಿಲ್ರಿ."

ಮೇಡಂ ನಕ್ಕು ಅವನ ಕೈಗೆ ಕತ್ತರಿ ಕೊಟ್ಟರು. "ಚಿಂತಿಲ್ಲ. ಈಗ ನೀವ ಕತ್ತರಸ್ರಿ."

ಮೂಲೆಯಲ್ಲಿ ಅಂಬವ್ವ ಬೇಡ ಬೇಡ ಎಂದು ತಲೆಯಾಡಿಸಿದಳು. ನೂಲು ಹಾಳಾಗುತ್ತದೆಂದು ಅವಳ ಸಂಕಟ ಎಂದುಕೊಂಡ ಗೋಪಣ್ಣ ಏಳನೆಯದನ್ನು ಕತ್ತರಿಸಿಯೇ ಬಿಟ್ಟ.

ನೂಲು ಸರ್ರನೆ ತೂತಿನಿಂದ ತೂತಿಗೆ ಜಾರಿತು. ರಸ್ತೆ ಊಟ ಮುಗಿಸಿದ ಬೀಗರಂತೆ ಮೇಜಿನ ಮೇಲೆ ಉದ್ದಕ್ಕೆ ಮಲಗಿತು.

ಮೇಡಂ ನೂಲು ಎತ್ತಿ ನೋಡಿದರು. "ಪೂರಾ ಒಂದ ಎಳಿ?"

"ಗಂಟಿಲ್ಲದಂಗ್ರಿ" ಎಂದ ಗೋಪಣ್ಣ, ಹೆದರಿಕೆಯಲ್ಲೂ ಹೆಮ್ಮೆಯಿಂದ.

"ಸೇತುವಿ ಹ್ಯಾಂಗ ಕಟ್ಟಬಾರದು ಅಂತ ಹೇಳಾಕ ಇಪ್ಪತ್ತು ವರ್ಷ ಬಾಯಿ ಬಡಕೊಂಡೀನಿ. ನೀವು ಒಂದ ಕತ್ತರಿಗೆ ತೋರಿಸಿದ್ರಿ. ಮಾಂತೇಶ, ಇವರು ನನಗ ಕಾಯಂ ಬೇಕು. ಗದಗ ಆದ ಮ್ಯಾಲ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ. ದಿನಾ ಮುಂಜಾನೆ ಹೂಡಬೇಕು, ನಾಲ್ಕಕ್ಕ ಕತ್ತರಿಸಬೇಕು. ಕಾವಲಿಗೆ ಬ್ಯಾರೆ ಯಾರನ್ನರ ನೋಡ್ರಿ."

ಮರುದಿನ ಬೆಳಿಗ್ಗೆ ಗೋಪಣ್ಣ ಮೇಜಿನ ಪಕ್ಕ ಮೊಣಕಾಲೂರಿ ಹದಿನೆಂಟನೆಯ ತೂತಿಗೆ ನೂಲು ಪೋಣಿಸುತ್ತಿದ್ದ. ಫ್ಯಾನಿನ ಕೆಳಗೆ, ಕುರ್ಚಿಗೆ ಬೆನ್ನು ಕೊಟ್ಟು ಕುಳಿತಿದ್ದ ಹೊಸ ಕಾವಲುಗಾರ್ತಿ ಅಂಬವ್ವ ಚಹಾ ಹೀರಿ ಹೇಳಿದಳು:

"ಏಳನೇದು ಸಡ್ಲೈತಿ. ಬಿಚ್ಚಿ ಮೊದಲಿಂದ ಹೂಡ್ರಿ."