ಖಂಡದ ಮೇಲಿನ ನೀರು

ಇಷ್ಟಕ್ಕೆಲ್ಲ ಕಾರಣ ‘ಖಂಡ’ ಅನ್ನುವ ಎರಡಕ್ಷರ. ಪುಸ್ತಕದಲ್ಲಿ ಅದು ಭೂಖಂಡ, ಕೂಡ್ಲಿಗಿಯ ಅಡುಗೆಮನೆಯಲ್ಲಿ ಮಾಂಸ.

ಭೂಗೋಳದ ಮೇಷ್ಟ್ರು ಪಾಲಾಕ್ಷ ಬಾಡಿಗೆ ರೂಮಿಗಾಗಿ ಊರೆಲ್ಲ ಅಲೆದು ಚಪ್ಪಲಿ ಸವೆಸಿದ್ದ. ಕೊನೆಗೆ ಲಿಂಗವಂತರಾದ ಗುರುಸಂಗಪ್ಪನವರು, ಮೊಟ್ಟೆ ಕೂಡ ಒಳಗೆ ತರುವುದಿಲ್ಲ ಎಂದು ಮಾತು ತೆಗೆದುಕೊಂಡು ಮಹಡಿಯ ರೂಮು ಕೊಟ್ಟಿದ್ದರು. ಮಾತನ್ನು ಅವನು ಉಳಿಸಿಕೊಂಡೇ ಇದ್ದ, ಪಾಪ.

ಆ ಭಾನುವಾರ ಬಾಗಿಲು ಹಾಕಿಕೊಂಡು ಮರುದಿನದ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದ: “ಮುಳುಗಿರುವ ಖಂಡದ ಮೇಲಿನ ನೀರು ಚೆನ್ನಾಗಿ ಕಾದಿದೆ. ಅಂಚಿನಲ್ಲಿ ಇನ್ನೂ ತಣ್ಣಗಿದೆ.”

ಹೊರಗೆ ಸಂಡಿಗೆ ಹಾಕುತ್ತಿದ್ದ ಗುರುಸಂಗಪ್ಪನವರ ಹೆಂಡತಿ ನಾಗಲಿಂಗಮ್ಮ ಬಾಗಿಲಿಗೆ ಮೂಗು ಹಚ್ಚಿದರು. ವಾಸನೆ ಇಲ್ಲ. ವಾಸನೆ ಬಾರದಂತೆ ಬೇಯಿಸುವವನು ಎಂಥ ಪಾಕಡಾ ಇರಬೇಕೆಂದು ಪಕ್ಕದ ಮನೆಯ ಗೀತಮ್ಮನಿಗೆ ಹೇಳಿದರು. ಗೀತಮ್ಮನಿಗೆ ಹೇಳಿದರೆ ಡಂಗುರದ ಖರ್ಚು ಉಳಿಯುತ್ತದೆ. ಗಳಿಗೆಯಲ್ಲಿ ಓಣಿಯೇ ಮಹಡಿ ಹತ್ತಿತು.

“ಏನ್ ಕಾಸಾಕತ್ತೀರಿ ಮೇಷ್ಟ್ರ?” ಎಂದರು ಗುರುಸಂಗಪ್ಪ.

ಏನೂ ಇಲ್ಲವೆಂದರೆ ಯಾರು ಕೇಳುತ್ತಾರೆ? ಮಂಚದ ಕೆಳಗೆ ಬಗ್ಗಿದರು, ಬಕೆಟ್ಟು ಮಗುಚಿದರು. ಸಿಕ್ಕಿದ್ದು ಕಂಪ್ಯೂಟರ್ ಒಂದೇ. ಪಾಲಾಕ್ಷ ಅದನ್ನೇ ಅವರತ್ತ ತಿರುಗಿಸಿದ.

ತೆರೆಯ ಮೇಲೆ ಅರಬ್ಬಿ ಸಮುದ್ರ. ನೆಲ ದಂಡೆಗೇ ಮುಗಿಯದೆ ನೀರಿನಡಿ ದೂರದವರೆಗೆ ಹೋಗುತ್ತದೆ, ತಾನು ಹೇಳಿದ ಖಂಡ ಅದೇ ಎಂದ. ಅದರ ಮೇಲಿನ ನೀರಿನ ಬಿಸಿಯನ್ನು ಉಪಗ್ರಹ ಆಕಾಶದಿಂದಲೇ ಅಳೆಯುತ್ತದೆ. ಕಾದಲ್ಲಿ ಕೆಂಪು, ತಣಿದಲ್ಲಿ ನೀಲಿ. ಗುಂಡಿ ಒತ್ತಿದಂತೆ ಚಿತ್ರದಲ್ಲಿ ತಿಂಗಳುಗಳು ಉರುಳಿದವು. ಬೇಸಿಗೆಯಲ್ಲಿ ಕೆಂಡದಂತಿದ್ದ ದಂಡೆಗುಂಟ, ಮುಂಗಾರು ಹೊಕ್ಕೊಡನೆ ಆಳದ ತಣ್ಣೀರು ಮೇಲೆದ್ದು ಮೆಲ್ಲಗೆ ನೀಲಿ ಹರಡಿತು.

ಹಗರಿ ಹೊಳೆಯಲ್ಲಿ ಗೇಣು ನೀರು ಹರಿದರೂ ಹೋಗಿ ನೋಡಿ ಬರುವ ಜನ ಅವರು. ಇಡೀ ಸಮುದ್ರ ಕಾದು ತಣಿಯುವುದನ್ನು ಕಂಡು ಬೆರಗಾಗಿ ನಿಂತರು. ಎಷ್ಟೋ ಸಲ ನೋಡಿದ್ದ ಪಾಲಾಕ್ಷನಿಗೂ ಅವರ ಜೊತೆ ನೋಡುವಾಗ ಮೈ ಜುಮ್ಮೆಂದಿತು.

ನಾಗಲಿಂಗಮ್ಮ ಕೈ ಮುಗಿದರು. “ಅಷ್ಟು ಮ್ಯಾಲಿಂದ ಗಂಗವ್ವನ ಮೈ ಮುಟ್ಟಿ ನೋಡ್ದಂಗ ಐತಿ. ಶಿವನ ಆಟ ನೋಡ್ರಿ.”

ಗುರುಸಂಗಪ್ಪ ನಾಚಿ, ತಪ್ಪಾಯಿತೆಂದು ಚಹಾ ತರಿಸಿದರು. ಇರುವಷ್ಟು ದಿನ ರೂಮು ನಿಮ್ಮದೇ ಅಂದರು. ಅಲ್ಲಿಗೇ ಬಾಯಿ ಮುಚ್ಚಿದ್ದರೆ ಪಾಲಾಕ್ಷ ಗೆದ್ದಿದ್ದ. ಆದರೆ ಇದರಿಂದ ಜನಕ್ಕೇನು ಉಪಯೋಗವೆಂದು ಅವರು ಭಕ್ತಿಯಿಂದ ಕೇಳಿಬಿಟ್ಟರು.

“ಭಾಳ ಐತ್ರಿ. ತಣ್ಣೀರು ಎದ್ದ ಕಡಿ ಮೀನು ಸೇರ್ತಾವ. ಮೀನುಗಾರರು ಇಂಥಾ ಚಿತ್ರ ನೋಡೇ ದೋಣಿ ತಿರುಗಿಸ್ತಾರ.”

ನಾಗಲಿಂಗಮ್ಮ ಮುಗಿದ ಕೈ ಇಳಿಸಿದರು. “ಅಂದ್ರ ನಮ್ಮ ಮನಿಯಾಗ ಕುಂತು ಮೀನು ಹಿಡಸ್ತೀರಿ?”

ಸಂಜೆ ಪಾಲಾಕ್ಷ ಹಾಸಿಗೆ ಸುತ್ತಿಕೊಂಡು ಬೀದಿಗೆ ಬಂದ. ರೂಮು ಕೇಳೋಣವೆಂದು ಹೋದ ಮೊದಲನೇ ಮನೆಯ ಬಾಗಿಲಲ್ಲೇ ಗೀತಮ್ಮ ನಿಂತು, ಕಣ್ಣರಳಿಸಿ ಹೇಳುತ್ತಿದ್ದಳು: “ಸುಳ್ಳಲ್ಲಬೇ, ಇಡೀ ಸಮುದ್ರನ ತಂದು ಮಹಡಿಮ್ಯಾಲ ಇಟ್ಕಂಡಿದ್ದ.”