ಕಾಗೆಬಂಗಾರದ ಕಲ್ಲಿಗಾಗಿ ಕೆರೆ ಸುತ್ತಿದ್ದು

ಕೆರೆದಂಡೆಯಲ್ಲಿ ತಲೆ ತಗ್ಗಿಸಿ ನಡೆಯುವವನನ್ನು ಜನ ಸುಮ್ಮನೆ ಬಿಡುವುದಿಲ್ಲ. ಬರೆಯುವುದು ನನಗಿದು ಮೊದಲು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ನಾನು ಚಳ್ಳಕೆರೆಯಲ್ಲಿ ವಿಜ್ಞಾನದ ಮೇಷ್ಟ್ರು. ಶಾಲೆಯ ವಸ್ತುಪ್ರದರ್ಶನದಲ್ಲಿ ನಮ್ಮ ಸೀಮೆಯ ಕಲ್ಲುಗಳನ್ನೆಲ್ಲ ಇಡುತ್ತೇನೆಂದು ಹೆಡ್‌ಮಾಸ್ಟರಿಗೆ ಮಾತು ಕೊಟ್ಟಿದ್ದೆ. ಕಾಗೆಬಂಗಾರವಿರುವ ಕಲ್ಲೊಂದು ಬಾಕಿ. ಕಾಗೆಬಂಗಾರವೆಂದರೆ ಪದರಪದರವಾಗಿ ಹೊಳೆಯುವ ಅಭ್ರಕ. ಬಂಗಾರವಲ್ಲ, ಕಾಗೆಗೂ ಸಂಬಂಧವಿಲ್ಲ. ನೀರು ಹಿಂದೆ ಸರಿದಾಗ ಕೆರೆದಂಡೆಯ ಕಲ್ಲು ತೊಳೆದಿಟ್ಟ ಹಾಗೆ ಕಾಣುತ್ತದೆ. ಅದಕ್ಕೇ ಕೆರೆ.

೧. ಸಿದ್ದಾಪುರದ ಹತ್ತಿರ

ಕುರಿ ಕಾಯುವವನೊಬ್ಬ ಬಹಳ ಹೊತ್ತು ನನ್ನನ್ನೇ ನೋಡಿ, "ಏನ್ ಕಳ್ಕಂಡೀರಿ ಸಾರ್?" ಅಂದ.

"ಏನಿಲ್ಲಪ್ಪ, ಕಲ್ಲು ಹುಡುಕ್ತಿದ್ದೀನಿ."

ಆತ ಎದುರಿನ ಗುಡ್ಡ ನೋಡಿದ, ಹಿಂದಿನ ಗುಡ್ಡ ನೋಡಿದ. ಎರಡೂ ಬರೀ ಬಂಡೆ. ಆಮೇಲೆ ಕುರಿಗಳಿಗೆ ಹೇಳಿದ: "ನಡೀರೇ, ಪಾಪ, ಸಾರ್‌ಗೆ ಕಣ್ಣು ಕಾಣಲ್ಲ."

೨. ಕೊಂಡ್ಲಹಳ್ಳಿ ಕಡೆ

ಸುತ್ತಿಗೆಯಿಂದ ಕಲ್ಲು ತಟ್ಟುತ್ತಿದ್ದೆ. ರೈತರೊಬ್ಬರು ಓಡಿ ಬಂದರು. "ಬೋರ್ ಪಾಯಿಂಟ್ ನೋಡೋರಾ ಸ್ವಾಮಿ?"

ನಮ್ಮ ಕಡೆ ಬೋರು ಕೊರೆಸುವ ಮುಂಚೆ ಅಂಗೈಯಲ್ಲಿ ತೆಂಗಿನಕಾಯಿ ಮಲಗಿಸಿಕೊಂಡು ಹೊಲದಲ್ಲಿ ನಡೆಯುವವರಿದ್ದಾರೆ. ಕಾಯಿ ಎದ್ದು ನಿಂತಲ್ಲಿ ನೀರು. ನಾನು ಅಲ್ಲವೆನ್ನುವಷ್ಟರಲ್ಲಿ ಅವರು ಕಾಯಿ ತಂದೇಬಿಟ್ಟರು.

"ನನಗೆ ನೀರಿನ ವಿಚಾರ ಏನೂ ಗೊತ್ತಿಲ್ರಿ!"

"ಹೋದ ಸಲ ಬಂದೋರಿಗೂ ಗೊತ್ತಿರಲಿಲ್ಲ. ನೀವು ಮೊದಲೇ ಹೇಳಿದ್ರಿ, ಅಷ್ಟೇ. ಹಿಡೀರಿ ಕಾಯಿ."

೩. ಮೊಳಕಾಲ್ಮೂರಿನಲ್ಲಿ

ಪ್ರದರ್ಶನದ ಹಿಂದಿನ ದಿನ ಕಲ್ಲು ಕಂಡೇಬಿಟ್ಟಿತು. ನಸುಗೆಂಪು, ಮೈತುಂಬ ಕಾಗೆಬಂಗಾರ. ಅದರ ಮೇಲೆ ಅಜ್ಜಿಯೊಬ್ಬಳು ಬಟ್ಟೆ ಒಗೆಯುತ್ತಿದ್ದಳು, ಪಕ್ಕದಲ್ಲಿ ಸೊಸೆ.

"ಅವ್ವಾ, ಈ ಕಲ್ಲು ಕೊಡ್ತೀರಾ? ಮಕ್ಕಳಿಗೆ ತೋರಿಸ್ಬೇಕು."

"ಮಕ್ಕಳನ್ನೇ ಕರ್ಕಂಬರ್ರಿ. ಬಟ್ಟೇನೂ ಒಗೀಲಿ."

ಬೇಡಿಕೊಂಡ ಮೇಲೆ, ಬದಲಿ ಕಲ್ಲು ತಂದರೆ ಕೊಡುತ್ತೇನೆಂದಳು. ಒಂದು ಕಲ್ಲನ್ನು ಹೊತ್ತುಕೊಂಡು ಬಂದೆ. ಸೊಸೆ ಕೈಯಾಡಿಸಿ, "ಜಾರ್ತೈತೆ" ಅಂದಳು. ಮತ್ತೊಂದು ತಂದೆ. "ಇದರ ಮೇಲೆ ಒಗೆದ್ರೆ ಸೀರೆ ದಾರ ಎದ್ದೋಗ್ತೈತೆ." ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದ ಊರು, ಅಂಗಡಿಯಲ್ಲಿ ಸೀರೆ ಬಿಚ್ಚಿಸುವ ಹಾಗೆ ನನ್ನಿಂದ ಕಲ್ಲು ಹೊರಿಸಿದರು. ಕೊನೆಗೊಂದು ಒಪ್ಪಿಗೆಯಾಯಿತು. ಕಾಗೆಬಂಗಾರದ ಕಲ್ಲಿಗೆ ಕೈ ಹಾಕಿದರೆ, ಸೊಸೆ ಅದರ ಮೇಲೆ ಹಿಂಡಿದ ಬಟ್ಟೆ ಪೇರಿಸಿದ್ದಳು.

"ನಾಳೆ ಪ್ರದರ್ಶನ ಅವ್ವಾ!"

"ಹಂಗಾದ್ರೆ ಬಿರ್ರನೆ ಹೋಗಿ, ಬಟ್ಟೆ ಇಡಾಕೆ ಇನ್ನೊಂದು ತನ್ರಿ."

ಅದನ್ನೂ ತಂದುಹಾಕಿದೆ. ಕಾಗೆಬಂಗಾರದ ಕಲ್ಲು ಕೊನೆಗೂ ಸ್ಕೂಟರ್ ಏರಿತು. ನಾನು ಕಿಕ್ ಹೊಡೆಯುವಾಗ ಅಜ್ಜಿ ಕೂಗಿದಳು:

"ಮೇಷ್ಟ್ರೇ, ಪ್ರದರ್ಶನಕ್ಕೆ ಇನ್ನೂ ಕಲ್ಲು ಬೇಕಂದ್ರೆ ಬರ್ರಿ. ಮೇಲಿನ ಕೇರಿಯೋರಿಗೂ ಒಗೆಯಾಕೆ ಕಲ್ಲಿಲ್ಲ!"