ರಸೀದಿ ಇರುವ ಇಟ್ಟಿಗೆ ಆಟ

ಕಳ್ಳಮಾಲನ್ನು ಮನೆಯೊಳಗೆ ಬಿಟ್ಟುಕೊಳ್ಳಬಾರದು. ಹದಿನೈದು ವರ್ಷಗಳ ದಾಂಪತ್ಯದಲ್ಲಿ ನಾನು ಮಾಡಿದ ನಿಯಮಗಳಲ್ಲಿ ಉಳಿದುಕೊಂಡಿದ್ದು ಇದೊಂದೇ. (ಹಾಲು ಕಾಯಿಸಿದ ಪಾತ್ರೆಯನ್ನು ಕೂಡಲೇ ನೆನೆಹಾಕಬೇಕು ಎಂಬ ಇನ್ನೊಂದು ನಿಯಮ ಮೂರನೆಯ ದಿನವೇ ಬಿದ್ದುಹೋಯಿತು.) ಉಳಿದ ಆ ಒಂದು ನಿಯಮವೂ ಎರಡು ಸಾವಿರದ ಏಳನೇ ಇಸವಿಯ ಅಕ್ಟೋಬರಿನಲ್ಲಿ, ನನ್ನ ಕೈಯಿಂದಲೇ, ನನ್ನದೇ ಖರ್ಚಿನಲ್ಲಿ ಹೇಗೆ ತೀರಿಕೊಂಡಿತು ಎಂಬುದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಹೊಸಪೇಟೆಯ ಖಾಸಗಿ ಲ್ಯಾಬೊಂದರಲ್ಲಿ, ಸಂಡೂರಿನ ಕಡೆಯಿಂದ ಬರುವ ಅದಿರಿನಲ್ಲಿ ಕಬ್ಬಿಣ ಶೇಕಡಾ ಎಷ್ಟಿದೆ ಎಂದು ಹೇಳುವುದು ನನ್ನ ಕೆಲಸ. ಆಗ ಊರಿನಲ್ಲಿ ಮನುಷ್ಯರಿಗಿಂತ ಲಾರಿಗಳೇ ಹೆಚ್ಚು. ಒಗೆದು ಹಾಕಿದ ಪಂಚೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ಶ್ರಾವಣದಲ್ಲೊಂದು ದಿನ ಅಂಗಳದ ಆ ಕೆಂಪು ಧೂಳನ್ನು ತೊಳೆಯಲೆಂದು ನನ್ನ ಅಮ್ಮ ಸರಸ್ವತೀಬಾಯಿ ನೀರು ಹಾಕಿದಳು, ತಾನು ಹಾಕಿದ ನೀರಿನಲ್ಲಿ ತಾನೇ ಜಾರಿದಳು, ಬಲಗೈ ಮಣಿಕಟ್ಟು ಮುರಿಯಿತು.

ಅಕ್ಟೋಬರ್ ಒಂದಕ್ಕೆ ಪ್ಲಾಸ್ಟರ್ ಬಿಚ್ಚಿದರು. ಎಲುಬು ಕೂಡಿತ್ತು. ಬೆರಳುಗಳು ಮಾತ್ರ ಮಡಚುತ್ತಿರಲಿಲ್ಲ.

ಇದು ಬರೀ ಬೆರಳಿನ ಪ್ರಶ್ನೆಯಲ್ಲ. ಅಮ್ಮ ಲಕ್ಷಬತ್ತಿಯ ವ್ರತ ಹಿಡಿದಿದ್ದಳು. ಹತ್ತಿ ಹಿಂಜಿ, ಬೆರಳನ್ನು ಹಾಲಿನಲ್ಲಿ ಅದ್ದಿ, ತುದಿ ಹೊಸೆದು ಹೂಬತ್ತಿ ಮಾಡಬೇಕು. ಒಂದು ಲಕ್ಷ ಬತ್ತಿ ಆದಮೇಲೆ ಕಾರ್ತಿಕ ಹುಣ್ಣಿಮೆಗೆ ದೇವರ ಮುಂದೆ ಉರಿಸಬೇಕು. ಎಂಬತ್ತೆಂಟು ಸಾವಿರ ಮುಗಿದು ಡಬ್ಬಿಗಳಲ್ಲಿ ಕುಳಿತಿದ್ದವು. ಉಳಿದದ್ದು ಹನ್ನೆರಡು ಸಾವಿರ, ಕೈಯಲ್ಲಿದ್ದದ್ದು ಐವತ್ನಾಲ್ಕು ದಿನ. ಅಂದರೆ ದಿನಕ್ಕೆ ಇನ್ನೂರ ಇಪ್ಪತ್ಮೂರು.

"ನಾ ಮಾಡಿಕೊಡ್ತೀನಿ ಅತ್ತೀ," ಎಂದಳು ನನ್ನ ಹೆಂಡತಿ ಮೇಧಾ.

"ವ್ರತ ಹಿಡದಾಕಿ ನಾನು. ನೀ ಮಾಡಿದ್ರ ಪುಣ್ಯ ನಿನಗ ಬರ್ತದ, ನನಗ ಬರೇ ಎಣ್ಣಿ ಖರ್ಚು ಬರ್ತದ," ಎಂದಳು ಅಮ್ಮ.

ಡಾಕ್ಟರು ರಬ್ಬರ್ ಚೆಂಡು ಹಿಚುಕಲು ಹೇಳಿದ್ದರು. ನಾನು ತಂದುಕೊಟ್ಟೆ. ಅಮ್ಮ ಅದನ್ನು ಎರಡು ಸಲ ಹಿಚುಕಿ, ಮೂಸಿ ನೋಡಿ, ಕಿಟಕಿಯ ಮೇಲಿಟ್ಟಳು.

"ಇದು ಹೊತ್ತು ಹೋಗೋ ಕೆಲಸ ಅಲ್ಲಪ್ಪ. ಮೊದ್ಲಿನ ಆ ಇಟ್ಟಿಗಿ ಆಟ ಇದ್ರ ತಾಸುಗಟ್ಟಲೆ ಬೆರಳು ಆಡಸ್ತಿದ್ದೆ."

ಇಟ್ಟಿಗೆ ಆಟದ ಬಗ್ಗೆ ಹೇಳಬೇಕು. ಹನ್ನೆರಡು ವರ್ಷದ ಹಿಂದೆ ನನ್ನ ತಂಗಿಯ ಮಕ್ಕಳು ರಜೆಗೆ ಬಂದಾಗ ಟಿ.ವಿ.ಗೆ ಜೋಡಿಸುವ ವಿಡಿಯೋ ಗೇಮೊಂದನ್ನು ಕೊಂಡಿದ್ದೆ. ಅದರ ಕ್ಯಾಸೆಟ್ಟಿನಲ್ಲಿ ಮೇಲಿಂದ ಬೀಳುವ ಇಟ್ಟಿಗೆಗಳನ್ನು ಸಂದಿಲ್ಲದಂತೆ ಜೋಡಿಸುವ ಆಟವಿತ್ತು. ಮಕ್ಕಳು ಒಂದು ವಾರ ಆಡಿ ಬಿಟ್ಟರು. ಅಮ್ಮ ಐದು ವರ್ಷ ಆಡಿದಳು. ಅವಳ ಸ್ಕೋರನ್ನು ನಮ್ಮ ವಂಶದಲ್ಲಿ ಯಾರೂ ಮುಟ್ಟಿಲ್ಲ. ಅಟ್ಟದಿಂದ ಆ ಡಬ್ಬಿಯನ್ನು ಇಳಿಸಿ, ವೈರು ಸಿಕ್ಕಿಸಿ, ಸ್ವಿಚ್ಚು ಹಾಕಿದೆ. ತೆಳ್ಳಗೆ ಹೊಗೆ ಬಂತು. ಬೇರೇನೂ ಬರಲಿಲ್ಲ.

ಜಗಳ ಶುರುವಾದದ್ದು ಇಲ್ಲಿ.

"ಹೊಗಿ ಬಂದ್ರ ಬರ್ಲಿ ಬಿಡ್ರಿ," ಎಂದಳು ಮೇಧಾ. "ರಿಪೇರಿ ಅಂಗಡಿ ಮಾರೇಶ್ ಹೇಳ್ತಿದ್ರು. ನಮ್ಮ ಮನಿ ಕಂಪ್ಯೂಟರೇ ಹಳೇ ವಿಡಿಯೋ ಗೇಮಿನಂಗ ನಟಸೋ ಪ್ರೋಗ್ರಾಂ ಬಂದದಂತ. ಅದನ್ನ ಹಾಕಿ, ಆಟ ಇಂಟರ್ನೆಟ್ಟಿಂದ ಇಳಿಸಿಕೊಂಡ್ರ ಮುಗೀತು. ಪುಕ್ಕಟೆ."

"ಪುಕ್ಕಟೆ ಕೊಡ್ಲಿಕ್ಕೆ ಅದು ಮಾರೇಶನ ಆಸ್ತಿ ಏನು?"

"ನಲವತ್ತು ಕೆ.ಬಿ. ಅದರೀ ಅದು! ನಿಮ್ಮ ಪಾಸ್‌ಪೋರ್ಟ್ ಫೋಟೋಕ್ಕಿಂತ ಸಣ್ಣದು."

"ಮೂಗಬಟ್ಟೂ ಸಣ್ಣದೇ ಇರ್ತದ. ಹಂಗಂತ ಅಂಗಡಿಯಿಂದ ಎತ್ತಿಕೊಂಡು ಬರ್ತೀ ಏನು?"

"ಕಂಪನಿಯವ್ರು ಈಗ ಅದನ್ನ ಮಾರೋದೇ ಇಲ್ಲ. ಅಂಗಡಿ ಮುಚ್ಚಿದ ಮ್ಯಾಲ ದುಡ್ಡು ಯಾರಿಗೆ ಕೊಡ್ತೀರಿ? ಷಟರ್ ಸಂದ್ಯಾಗ ತುರುಕಿ ಬರ್ತೀರೇನು?"

"ಅಂಗಡಿ ಮುಚ್ಚೇದ ಅಂತ ಷಟರ್ ಎತ್ತಿ ಒಳಗ ಹೋಗಬಹುದೇನು?"

ಎರಡೂ ಒಳ್ಳೆಯ ವಾದಗಳೇ. ಅಮ್ಮ ತನ್ನ ಬಿಗಿದ ಕೈಯನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತ, "ನಿಮ್ಮ ಕೋರ್ಟು ಮುಗಿಯೋದ್ರಾಗ ನನ್ನ ಕೈ ಕೊರಡು ಆಗ್ತದ," ಎಂದು ಒಳಗೆ ಹೋದಳು.

"ನಾನು ದುಡ್ಡು ಕೊಟ್ಟು, ರಸೀದಿ ಬರೆಸಿಕೊಂಡು ಅಸಲೀ ಆಟ ತರ್ತೀನಿ. ಅಲ್ಲೀತನಕ ಚೆಂಡು," ಎಂದೆ.

"ಆತು ಬಿಡ್ರಿ, ನಿಮ್ಮಿಷ್ಟ," ಎಂದಳು ಮೇಧಾ.

ಹದಿನೈದು ವರ್ಷ ಸಂಸಾರ ಮಾಡಿದ ಗಂಡಸಿಗೆ ಈ ಮೂರು ಮಾತು ಕೇಳಿದೊಡನೆ ಎದೆ ಡವಗುಟ್ಟಬೇಕಿತ್ತು. ನನಗೆ ಗೆದ್ದೆನೆಂಬ ಹಿಗ್ಗು.

ಮರುದಿನದಿಂದ ನಾನು ಅಮ್ಮನ ಬೆರಳಿನ ಶಾಸ್ತ್ರೀಯ ಅಧ್ಯಯನ ಕೈಗೊಂಡೆ. ಮನೆಯಲ್ಲಿ ಬಿ.ಪಿ. ನೋಡುವ ಯಂತ್ರವಿತ್ತು. ಅದರ ಪಟ್ಟಿಯನ್ನು ಸುರುಳಿ ಸುತ್ತಿ, ಮುಳ್ಳು ಇಪ್ಪತ್ತಕ್ಕೆ ಬರುವಷ್ಟು ಗಾಳಿ ತುಂಬಿ, ಅಮ್ಮನ ಬಲಗೈಗೆ ಕೊಟ್ಟು ಹಿಚುಕಲು ಹೇಳುವುದು. ಮುಳ್ಳು ಎಲ್ಲಿಯವರೆಗೆ ಏರುತ್ತದೋ ಅದು ಅಂದಿನ ಹಿಡಿತ. ಮೂರು ಸಲ ನೋಡಿ ಸರಾಸರಿ. ಮೊದಲ ದಿನ ಮೂವತ್ನಾಲ್ಕು. ಗ್ರಾಫ್ ಹಾಳೆಯನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದೆ.

ದಿನಾ ಸಂಜೆ ಲ್ಯಾಬಿನಿಂದ ಬಂದು ಕೇಳುತ್ತಿದ್ದೆ. "ಅಮ್ಮಾ, ಬೆರಳಿಗೆ ವ್ಯಾಯಾಮ ಆತೇನು?"

"ಆತಪ್ಪ. ಎರಡು ತಾಸು."

'ಚೆಂಡು, ೧೨೦ ನಿಮಿಷ' ಎಂದು ಬರೆದುಕೊಳ್ಳುತ್ತಿದ್ದೆ. ಗ್ರಾಫ್ ಏರಿತು. ನಲವತ್ತೊಂದು, ಐವತ್ತೆರಡು, ಅರವತ್ತಾರು. ಎರಡನೇ ವಾರದ ಕೊನೆಗೆ ಅಮ್ಮ ನಾಲ್ಕು ಬತ್ತಿ ಹೊಸೆದು ಬಟ್ಟಲಿನಲ್ಲಿಟ್ಟು ತೋರಿಸಿದಳು. ಸೊಟ್ಟಗಿದ್ದವು. ಆದರೂ ಬತ್ತಿಗಳೇ. ರಬ್ಬರ್ ಚೆಂಡಿನ ಮಹಿಮೆಯ ಬಗ್ಗೆ ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿದೆ. ಮೊಣಕಾಲು ನೋವಿದ್ದ ಒಬ್ಬರಿಗೂ ಚೆಂಡು ಕೊಡಿಸಿದೆ.

ಜೊತೆಗೆ ಅಸಲಿಯ ಹುಡುಕಾಟವನ್ನೂ ಬಿಡಲಿಲ್ಲ. ಮೊದಲ ಭಾನುವಾರ ಹೊಸಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳೆಲ್ಲ ಮುಗಿದವು. ಎರಡನೆಯ ಭಾನುವಾರ ಒಬ್ಬರು ಹಂಪಿಗೆ ಹೋಗಲು ಸಲಹೆ ಕೊಟ್ಟರು. ಅಲ್ಲಿ ಉಜ್ಜಿನಪ್ಪ ಎಂಬಾತ, ತಿಂಗಳುಗಟ್ಟಲೆ ತಂಗುವ ವಿದೇಶಿಯರು ಊರಿಗೆ ಹೊರಡುವಾಗ ಮಾರಿಹೋಗುವ ಟಾರ್ಚು, ಬೂಟು, ಪುಸ್ತಕಗಳ ಅಂಗಡಿ ಇಟ್ಟಿದ್ದ. ಮೂರನೆಯ ಭಾನುವಾರ ಅಲ್ಲಿಗೆ ಹೋದೆ. ಬೂಟುಗಳ ನಡುವೆ, ಕೈಯಲ್ಲಿ ಹಿಡಿದು ಆಡುವ ಪುಟ್ಟ ಜಪಾನೀ ವಿಡಿಯೋ ಗೇಮ್, ಅದರ ಬೆನ್ನಿಗೆ ಸಿಕ್ಕಿಸಿದ ಇಟ್ಟಿಗೆ ಆಟದ ಕ್ಯಾಸೆಟ್!

"ಅಸಲೀನಾ?"

"ಫಾರಿನ್ನೋರು ಬಿಟ್ಟುಹೋದದ್ದು ಸಾರ್. ನಮ್ಮ ಕಡೆ ಎಲ್ಲಿ ಐತಿ ಇಂಥ ಮಾಲು? ಎರಡು ಸಾವಿರದ ನಾನೂರು."

ಭೂತಗನ್ನಡಿ ಹಿಡಿದು ಯಂತ್ರವನ್ನು ಪರೀಕ್ಷಿಸಿದೆ. ಕಂಪನಿಯ ಹೆಸರು, ನಂಬರು, ಸ್ಕ್ರೂ, ಎಲ್ಲ ಸರಿ.

"ಹಚ್ಚಿ ತೋರ್ಸು."

"ಶೆಲ್ ಇಲ್ಲ ಸಾರ್. ಮನ್ಯಾಗ ಹಾಕ್ಕಳ್ರಿ."

"ರಸೀದಿ ಕೊಡು."

ಉಜ್ಜಿನಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹದಿಮೂರು ವರ್ಷದಾಗ ನೀವೇ ಮೊದ್ಲು ಕೇಳಿದ್ದು ಸಾರ್," ಎಂದು ಗೆಸ್ಟ್ ಹೌಸೊಂದರ ಮೆನು ಕಾರ್ಡಿನ ಹಿಂಬದಿಯಲ್ಲಿ ಬರೆದು ಸಹಿ ಹಾಕಿದ.

ಲಾರಿಯ ನಾಲ್ಕೂ ಮೂಲೆ, ನಡುವು, ತಳದಿಂದ ಅದಿರು ತೆಗೆಯದೆ ವರದಿ ಕೊಡದ ಮನುಷ್ಯ ನಾನು. ಅಂದು ಮೇಲಿನ ಒಂದು ಹಿಡಿ ಮಾತ್ರ ನೋಡಿ ಒಪ್ಪಿಕೊಂಡೆ. ಸಂತೋಷದಲ್ಲಿ ಊಟವನ್ನೂ ಮಾಡದೆ ಬಸ್ಸು ಹತ್ತಿದೆ.

ಮನೆಗೆ ಬಂದಾಗ ಮಧ್ಯಾಹ್ನ ಎರಡೂವರೆ. ನಾನು ಸಂಜೆಗೆ ಬರಬೇಕಾದವನು. ಒಳಗಿನಿಂದ ಟುಂಯ್ ಟುಂಯ್ ಎಂದು ಸದ್ದು. ಕಂಪ್ಯೂಟರಿನ ಮುಂದೆ ಅಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಲಗೈಯ ಮೂರು ಬೆರಳನ್ನು ಕೀಬೋರ್ಡಿನ ಮೇಲೆ ಕುಣಿಸುತ್ತಿದ್ದಳು. ಪಕ್ಕದಲ್ಲಿ ಮೇಧಾ ಶೇಂಗಾ ಸುಲಿಯುತ್ತ, "ಎಡಕ್ಕ, ಎಡಕ್ಕ, ಅತ್ತೀ!" ಎನ್ನುತ್ತಿದ್ದಳು. ಕಿಟಕಿಯ ಮೇಲೆ ರಬ್ಬರ್ ಚೆಂಡು ಕೆಂಪು ಧೂಳು ಹೊದ್ದು ಮಲಗಿತ್ತು. ಮೂರು ವಾರದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

"ಅಮ್ಮಾ!"

"ಸುಮ್ನಿರೋ ಗೋಪೀ. ಉದ್ದನ ಇಟ್ಟಿಗಿ ಬರೋ ಹೊತ್ತು."

"ಯಾವಾಗಿಂದ ನಡದದ ಇದು?"

"ನೀವು ಜಗಳ ಗೆದ್ದ ಮರುದಿನದಿಂದ," ಎಂದಳು ಮೇಧಾ.

ಅಡುಗೆಮನೆಯ ಬಾಗಿಲಿನ ಗ್ರಾಫ್ ನೋಡಿದೆ. ಅಷ್ಟು ಅಂದವಾಗಿ ಏರಿದ ಗೆರೆ. ಅದಕ್ಕೆ ನಾನು ಕೊಟ್ಟ ಕಾರಣ ಪೂರ್ತಿ ತಪ್ಪು. ಆ ಸಿಟ್ಟಿಗೆ, ಆಡಬಾರದಾಗಿದ್ದ ಮಾತೊಂದನ್ನು ಆಡಿಬಿಟ್ಟೆ.

"ಅಮ್ಮಾ, ಅದು ಕಳವಿನ ಮಾಲು."

ಅಮ್ಮನ ಕೈ ಕೀಬೋರ್ಡಿನಿಂದ ಮೇಲೆದ್ದಿತು. ಇಟ್ಟಿಗೆಗಳು ತಮ್ಮಷ್ಟಕ್ಕೆ ಬಿದ್ದು, ರಾಶಿಯಾಗಿ, ಆಟ ಮುಗಿಯಿತು.

"ಕಳವಿಂದಾ? ಮೇಧಾ, ಖರೇ ಏನು?"

"ಹಂಗಲ್ಲ ಅತ್ತೀ, ಎಲ್ಲಾರೂ ಇಳಿಸಿಕೊಳ್ತಾರ…"

"ಕಳವಿನ ಆಟದಿಂದ ಮಡಚಿದ ಬೆರಳಿಲೆ ದೇವರ ಬತ್ತಿ ಹೆಂಗ ಹೊಸೀಲಿ?" ಅಮ್ಮ ಎದ್ದು ಕೈ ತೊಳೆದುಕೊಂಡು ಬಂದು, ಆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. ಉಳಿದದ್ದು ಮೂವತ್ನಾಲ್ಕು ದಿನ. ಹಿಡಿತ ಎಪ್ಪತ್ತೆಂಟು, ಹೀಗೆ ಬಿಟ್ಟರೆ ಮತ್ತೆ ಬಿಗಿಯುತ್ತದೆ. ಚೆಂಡನ್ನಂತೂ ಮುಟ್ಟುವವಳಲ್ಲ.

ಮೇಧಾ ನನ್ನನ್ನು ನೋಡಿದಳು. "ಸಮಾಧಾನ ಆತಲ್ಲ? ಇನ್ನ ನೀವೇ ಬತ್ತಿ ಮಾಡ್ರಿ."

ನಾನು ಚೀಲದಿಂದ ಜಪಾನೀ ಯಂತ್ರವನ್ನೂ ಮೆನು ಕಾರ್ಡಿನ ರಸೀದಿಯನ್ನೂ ತೆಗೆದು ಅಮ್ಮನ ಮುಂದಿಟ್ಟೆ. ಇಂಥ ಗಳಿಗೆಗಳು ಗಂಡಸಿನ ಜೀವನದಲ್ಲಿ ಹೆಚ್ಚು ಬರುವುದಿಲ್ಲ. "ಅಸಲೀ. ದುಡ್ಡು ಕೊಟ್ಟು ತಂದದ್ದು. ಧಾರಾಳವಾಗಿ ಆಡು," ಎಂದು ಗಡಿಯಾರದ ಶೆಲ್ಲು, ಟಾರ್ಚಿನ ಶೆಲ್ಲು ಕಿತ್ತು ಹಾಕಿದೆ.

ಪರದೆ ಬೆಳಗಿತು. ಮೊದಲಿಗೆ, ತಂಪು ಕನ್ನಡಕ ಹಾಕಿಕೊಂಡ ಒಂದು ಒಂಟೆಯ ಚಿತ್ರ.

"ಅಯ್ಯ, ನಮ್ಮ ಒಂಟಿ!" ಎಂದಳು ಮೇಧಾ. "ಕಂಪ್ಯೂಟರಿನ್ಯಾಗೂ ಮೊದ್ಲು ಇದೇ ಬರ್ತದ. ಕೆಳಗ ಇಂಗ್ಲಿಷಿನ್ಯಾಗ ಏನೋ ಇರ್ತದ, ನಾವು ಓದದೇ ಮುಂದ ಹೋಗ್ತಿದ್ವಿ." ಯಂತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ನಿಧಾನವಾಗಿ ಕನ್ನಡಕ್ಕೆ ತಿರುಗಿಸಿದಳು. "'ನಮ್ಮ ತಂಡ ಈ ಆಟವನ್ನು ನಕಲು ಮಾಡಿ ಎಲ್ಲರಿಗೂ ಪುಕ್ಕಟೆಯಾಗಿ ಹಂಚುತ್ತಿದೆ. ಇದಕ್ಕೆ ನೀವು ದುಡ್ಡು ಕೊಟ್ಟಿದ್ದರೆ…'"

"ಕೊಟ್ಟಿದ್ದರೆ?" ಎಂದಳು ಅಮ್ಮ.

"'…ನೀವು ಮೋಸಹೋಗಿದ್ದೀರಿ.'"

ಸ್ಕ್ರೂಡ್ರೈವರ್ ತಂದು ಕ್ಯಾಸೆಟ್ ಬಿಚ್ಚಿದೆ. ಕಂಪನಿಯ ಹೆಸರಿರುವ ಚಿಪ್ ಇರಬೇಕಾದಲ್ಲಿ ಕರಿ ಟಾರಿನಂಥ ಒಂದು ತೊಟ್ಟು. ಅದಿರಾಗಿದ್ದರೆ ಲಾರಿ ಸಮೇತ ವಾಪಸು ಕಳಿಸುತ್ತಿದ್ದೆ.

ಅಮ್ಮ ವಿಚಾರಣೆಗೆ ಕುಳಿತಳು. "ಅವ್ರು ಹಂಚಿಕೊಳ್ರಿ ಅಂದಾರ, ಮೇಧಾ ಹಂಚಿಕೊಂಡಾಳ. ದುಡ್ಡು ಕೊಡಬ್ಯಾಡ್ರಿ ಅಂದಾರ, ನೀ ಕೊಟ್ಟು ಬಂದಿ. ಮತ್ತ ತಪ್ಪು ಯಾರದು?"

"ಅಮ್ಮಾ, ಹಂಚಿದವ್ರೂ ಆಟ ಮಾಡಿದವ್ರಲ್ಲ. ಅವ್ರೂ ಕದ್ದವ್ರೇ. ಮಾಡಿದವ ಬ್ಯಾರೆ, ಎಲ್ಲೋ ಹೊರದೇಶದವ."

ಅಮ್ಮ ಈ ಮಾತನ್ನು ತಳ್ಳಿಹಾಕಲಿಲ್ಲ. "ಅವನಿಗೆ ಮುಟ್ಟೋ ಹಂಗ ದುಡ್ಡು ಕಟ್ಲಿಕ್ಕೆ ಹಾದಿ ಅದ ಏನು?"

"ಮೂರು ವಾರ ಹುಡುಕೀನಿ. ಎಲ್ಲೂ ಇಲ್ಲ."

"ನೀ ಕೊಟ್ಟದ್ದೆಷ್ಟು?"

"ಎರಡು ಸಾವಿರದ ನಾನೂರು."

ಮೇಧಾಳ ಕೈಯಿಂದ ಶೇಂಗಾ ಬಿತ್ತು.

"ಹಂಗಾರ ಆತು," ಎಂದಳು ಅಮ್ಮ. "ಆಟದ ದುಡ್ಡು ನಮ್ಮ ಮನಿಯಿಂದ ಹೋಗೇದ. ಅವನಿಗೆ ಮುಟ್ಟಲಿಲ್ಲ ಅಂದ್ರ ಅದು ಆ ಉಜ್ಜಿನಪ್ಪನ ಪಾಪ. ಆದ್ರೂ ಮಾಡಿದವಂದು ಋಣ ಅದ. ಲಕ್ಷದ ಮ್ಯಾಲ ನೂರು ಬತ್ತಿ ಅವನ ಹೆಸರಿಲೆ ಮಾಡಿ ಉರಸ್ತೀನಿ. ಮೇಧಾ, ಕಂಪ್ಯೂಟರ್ ಹಚ್ಚವಾ. ಆ ಸಣ್ಣ ಡಬ್ಬಿ ನನಗ ಕಾಣಂಗಿಲ್ಲ."

ಅಮ್ಮ ನವೆಂಬರ್ ಇಪ್ಪತ್ತೊಂದಕ್ಕೆ ಬತ್ತಿ ಮುಗಿಸಿದಳು. ಹಿಡಿತ ನೂರಾ ಹದಿನಾಲ್ಕು. (ನನ್ನದು ನೂರಾ ಎಂಟು.) ಹುಣ್ಣಿಮೆಯ ಸಂಜೆ ಒಂದು ಲಕ್ಷದ ನೂರು ಬತ್ತಿ ಉರಿದವು. ಹೆಸರು, ಊರು, ಗೋತ್ರ ಒಂದೂ ಗೊತ್ತಿಲ್ಲದ ಆ ಮನುಷ್ಯನ ನೂರನ್ನು ಅಮ್ಮ ಬೇರೆ ಹಣತೆಯಲ್ಲಿ ಇಟ್ಟಿದ್ದಳು. ನನಗೆ ಅದು ನ್ಯಾಯವಾಗಿಯೇ ಕಂಡಿತು.

ನೋಡಲು ಬಂದ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿಗೆ ಬೆರಳಿನ ಗಂಟು ನೋವು. ಕೈ ಹೇಗೆ ಸರಿಹೋಯಿತೆಂದು ಎಲ್ಲರೂ ಕೇಳಿದರು. ಅಮ್ಮ ಎಲ್ಲರಿಗೂ ಹೇಳಿದಳು. "ನಮ್ಮ ಗೋಪಿ ಹಂಪಿ ಉಜ್ಜಿನಪ್ಪನ ಅಂಗಡಿಯಿಂದ ರೊಕ್ಕ ಕೊಟ್ಟು ತಂದ ಆಟದಿಂದ." ಅವಳ ತೀರ್ಪಿನ ಪ್ರಕಾರ ಅದರಲ್ಲಿ ಸುಳ್ಳಿಲ್ಲ. ನಾನು ಬಾಯಿ ತೆರೆದೆ. ಉಜ್ಜಿನಪ್ಪನ ಮಾಲು ಖೊಟ್ಟಿ ಎಂದರೆ ಅಮ್ಮನ ಲೆಕ್ಕ ಮುರಿದುಬೀಳುತ್ತದೆ. ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಿ ಎಂದರೆ ನನ್ನ ನಿಯಮ ಉಳಿಯುವುದಿಲ್ಲ. ಬಾಯಿ ಮುಚ್ಚಿಕೊಂಡೆ.

ಹದಿನೈದು ದಿನದ ಮೇಲೆ ಲ್ಯಾಬಿನಿಂದ ಮನೆಗೆ ಬಂದರೆ ನಡುಮನೆಯಲ್ಲಿ ಆಳೆತ್ತರದ ಸುಗಂಧಿ ಬಾಳೆಗೊನೆ. ಹಂಪಿಯಿಂದ ಉಜ್ಜಿನಪ್ಪ ಆಟೋದಲ್ಲಿ ಕಳಿಸಿದ್ದ. 'ಸಾರ್ ಕಳಿಸಿದ ನಾಲ್ಕು ಗಿರಾಕಿಗೆ' ಎಂದು ಚೀಟಿ ಬೇರೆ. ವಾಪಸು ಕಳಿಸಲು ಹಗ್ಗ ಹುಡುಕಿದೆ.

"ಮುಟ್ಟಬ್ಯಾಡ," ಎಂದಳು ಅಮ್ಮ. "ನೈವೇದ್ಯ ಆಗೇದ. ಈಗದು ಪ್ರಸಾದ. ಪ್ರಸಾದ ತಿರುಗಿ ಕಳಿಸ್ತಾರೇನು?"

ಊಟಕ್ಕೆ ಕುಳಿತು ಎರಡು ತಿಂದೆ. ಹಣ್ಣು ಬಹಳ ಚೆನ್ನಾಗಿತ್ತು.

"ಇನ್ನೆರಡು ಹಾಕ್ಲೇನ್ರೀ?" ಎಂದಳು ಮೇಧಾ. "ಕಂಪ್ಲಿಯಿಂದ ಇನ್ನೂ ಮೂರು ಮನಿಯವ್ರು ಅಂಗಡಿ ವಿಳಾಸ ಕೇಳ್ಯಾರ."

ನಾನು ತಟ್ಟೆಯನ್ನು ಅವಳ ಮುಂದೆ ಹಿಡಿದೆ.